ವಂಶವೃಕ್ಷದ ಖಾಲಿ ಮನೆಗಳು



ನಿಮ್ಮ ಅಜ್ಜನ ತಾಯಿಯ ಹೆಸರೇನು? ಆಕೆಯ ತವರುಮನೆ ಯಾವ ಊರಿನಲ್ಲಿತ್ತು? ನವೆಂಬರ್ ತಿಂಗಳಲ್ಲಿ ಮೃತರಿಗಾಗಿ ಪೂಜೆ ಹೇಳಿಸಲು ಹೆಸರುಗಳನ್ನು ಬರೆದುಕೊಡುವಾಗ ನಮ್ಮಲ್ಲಿ ಹೆಚ್ಚಿನವರ ಪೆನ್ನು ಮೂರನೆಯ ತಲೆಮಾರಿಗೆ ನಿಂತುಬಿಡುತ್ತದೆ. ಅಲ್ಲಿಂದಾಚೆ ‘ನಮ್ಮ ಹಿರಿಯರೆಲ್ಲರಿಗಾಗಿ’ ಎಂದು ಬರೆದು ಕೈಮುಗಿಯುತ್ತೇವೆ. ದೇವರಿಗೆ ಅಷ್ಟು ಸಾಕು. ಕಂಪ್ಯೂಟರಿಗೆ ಮಾತ್ರ ಸಾಲದು.

ಇಂದು ಅನೇಕ ಕುಟುಂಬಗಳಲ್ಲಿ ಮಕ್ಕಳು, ಮೊಮ್ಮಕ್ಕಳು ಕಂಪ್ಯೂಟರಿನಲ್ಲಿ ವಂಶವೃಕ್ಷ ಬರೆಯತೊಡಗಿದ್ದಾರೆ. ಇದು ಒಳ್ಳೆಯ ಕೆಲಸ. ಒಬ್ಬರ ಹೆಸರು ಬರೆದೊಡನೆ ತಂತ್ರಾಂಶವು ಅವರ ತಂದೆಗೊಂದು, ತಾಯಿಗೊಂದು ಮನೆ ತೆರೆದು ಹೆಸರು, ಮನೆತನ, ಹುಟ್ಟಿದ ದಿನ, ಊರು ಎಂದು ಒಂದೊಂದಾಗಿ ಕೇಳುತ್ತದೆ. ನಾಲ್ಕನೆಯ ತಲೆಮಾರಿಗೆ ಹೋಗುವಷ್ಟರಲ್ಲಿ ಅರ್ಧದಷ್ಟು ಮನೆಗಳು ಖಾಲಿ. ಖಾಲಿ ಕಂಡರೆ ತುಂಬಿಸಬೇಕೆಂಬ ಆಸೆ ಮನುಷ್ಯಸಹಜ. ‘ಅಜ್ಜನ ಹೆಸರು ಪಾಸ್ಕಲ, ಹಾಗಾಗಿ ಅವರ ಅಜ್ಜನೂ ಪಾಸ್ಕಲನೇ ಇರಬೇಕು’ ಎಂದು ಊಹಿಸಿ ಬರೆದುಬಿಡುತ್ತೇವೆ. ಹುಟ್ಟಿದ ವರ್ಷ ತಿಳಿಯದಿದ್ದರೆ 1850 ಎಂದು ಹಾಕುತ್ತೇವೆ. ಮುಂದಿನ ವರ್ಷ ದುಬೈಯಲ್ಲಿರುವ ದಾಯಾದಿ ಅದನ್ನು ನಕಲು ಮಾಡಿಕೊಳ್ಳುತ್ತಾನೆ, ಅವನಿಂದ ಮತ್ತೊಬ್ಬನು. ಹತ್ತು ಕಡೆ ಕಂಡ ಮಾತ್ರಕ್ಕೆ ಊಹೆಯು ಸತ್ಯದ ವೇಷ ತೊಡುತ್ತದೆ. ಆಮೇಲೆ ಅದನ್ನು ಕೀಳುವವರು ಯಾರು?

ಆದ್ದರಿಂದ ಈ ವಾರದ ಪಾಠ ಒಂದೇ: ಗೊತ್ತಿಲ್ಲದ್ದನ್ನು ಖಾಲಿಯಾಗಿಯೇ ಉಳಿಸಿರಿ, ಆದರೆ ಎಷ್ಟು ಗೊತ್ತು, ಯಾರಿಂದ ಗೊತ್ತು, ಎಲ್ಲೆಲ್ಲಿ ಹುಡುಕಿದ್ದಾಯಿತು ಎಂಬುದನ್ನು ಅದರ ಪಕ್ಕದಲ್ಲಿ ತಪ್ಪದೆ ಬರೆಯಿರಿ. ಸುಳ್ಳುಸಾಕ್ಷಿ ಹೇಳಬೇಡ ಎಂಬ ಆಜ್ಞೆ ಬದುಕಿರುವವರಿಗೆ ಮಾತ್ರವಲ್ಲ, ಸತ್ತವರ ವಿಷಯದಲ್ಲೂ ನಮ್ಮನ್ನು ಕಟ್ಟುತ್ತದೆ.

ಪವಿತ್ರ ಗ್ರಂಥದ ವಂಶಾವಳಿಯಲ್ಲಿಯೂ

ಸಂತ ಮತ್ತಾಯರ ಶುಭಸಂದೇಶ ವಂಶಾವಳಿಯಿಂದಲೇ ಆರಂಭವಾಗುತ್ತದೆ. ಅಲ್ಲಿ ಯೋರಾಮನ ನಂತರ ನೇರವಾಗಿ ಉಜ್ಜೀಯನ ಹೆಸರು ಬರುತ್ತದೆ. ಅರಸುಗಳ ವೃತ್ತಾಂತವನ್ನು ತೆರೆದು ನೋಡಿದರೆ ಇವರಿಬ್ಬರ ನಡುವೆ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ಅರಸರಿದ್ದಾರೆ. ಸಂತ ಜೋಸೆಫರ ತಂದೆಯ ಹೆಸರು ಮತ್ತಾಯರಲ್ಲಿ ಯಕೋಬ, ಲೂಕರಲ್ಲಿ ಹೇಲಿ. ಧರ್ಮಸಭೆ ಎರಡರಲ್ಲಿ ಒಂದನ್ನು ಅಳಿಸಿಹಾಕಲಿಲ್ಲ. ಎರಡನ್ನೂ ಇದ್ದಂತೆಯೇ ಕಾಪಾಡಿಕೊಂಡು ಬಂದಿದೆ.

ಎಜ್ರನ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಇನ್ನೂ ಸ್ಪಷ್ಟವಾದ ಉದಾಹರಣೆ ಇದೆ. ಸೆರೆಯಿಂದ ಹಿಂದಿರುಗಿದವರಲ್ಲಿ ಕೆಲವು ಯಾಜಕ ಮನೆತನದವರು ತಮ್ಮ ವಂಶದ ಪಟ್ಟಿಯನ್ನು ಹುಡುಕಿದರು, ಸಿಗಲಿಲ್ಲ. ದಾಖಲೆ ದೊರೆಯದ ಕಾರಣ ಅವರನ್ನು ಯಾಜಕ ಸೇವೆಯಿಂದ ದೂರವಿಟ್ಟರು. ಆದರೆ ದೇವರ ಚಿತ್ತವನ್ನು ವಿಚಾರಿಸಿ ಹೇಳಬಲ್ಲ ಯಾಜಕನು ಬರುವ ತನಕ ಮಾತ್ರ ಆ ತೀರ್ಮಾನ. ಅವರನ್ನು ಸುಳ್ಳುಗಾರರೆಂದೂ ಕರೆಯಲಿಲ್ಲ, ಅವರಿಗಾಗಿ ಹೊಸ ಪಟ್ಟಿಯನ್ನೂ ಕಟ್ಟಲಿಲ್ಲ. ಈ ತಾಳ್ಮೆ ನಮಗೂ ಬೇಕು.

ದಾಖಲೆ ಏಕೆ ಸಿಗುವುದಿಲ್ಲ?

ಮನೆಯವರ ಅಸಡ್ಡೆಯಿಂದ ಮಾತ್ರ ಹೆಸರುಗಳು ಕಳೆದುಹೋಗುವುದಿಲ್ಲ. ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕು, ಜ್ಞಾನಸ್ನಾನದಲ್ಲಿ ಜ್ಞಾನತಂದೆ, ಜ್ಞಾನತಾಯಿಯರ ಹೆಸರನ್ನು ನಮೂದಿಸಬೇಕು ಎಂದು ಟ್ರೆಂಟ್ ಮಹಾಸಭೆ ವಿಧಿಸಿದ್ದು 1563ರಲ್ಲಿ. ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಹಾಗೂ ಮನೆಮನೆಯ ಜನರ ಪಟ್ಟಿ, ಹೀಗೆ ಐದು ಪುಸ್ತಕಗಳ ಮಾದರಿ ಸಿದ್ಧವಾದದ್ದು 1614ರ ರೋಮನ್ ಸಂಸ್ಕಾರ ವಿಧಿ ಗ್ರಂಥದಲ್ಲಿ. ನಮ್ಮ ನಾಡಿನಲ್ಲಿ ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂದದ್ದು 1969ರಲ್ಲಿ. ಆದ್ದರಿಂದ ಅನೇಕ ಕಥೋಲಿಕ ಕುಟುಂಬಗಳಿಗೆ ದೇವಾಲಯದ ರಿಜಿಸ್ಟರೇ ಎಲ್ಲಕ್ಕಿಂತ ಹಳೆಯ ಕಾಗದ.

ಆ ಕಾಗದಕ್ಕೂ ಆಪತ್ತು ತಪ್ಪಲಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಕೆನರಾದ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ಯಲಾಯಿತು. ಅನೇಕ ದೇವಾಲಯಗಳು ನೆಲಸಮವಾದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಬದುಕುಳಿದವರು ಹಿಂದಿರುಗಿದರು. ಕೆಲವರು ಈ ನಡುವೆ ಕೊಡಗಿನಲ್ಲಿ ಆಶ್ರಯ ಪಡೆದಿದ್ದರು. ದೊಡ್ಡ ವೀರರಾಜೇಂದ್ರ ಅರಸರ ಆಶ್ರಯದಲ್ಲಿ 1792ರಲ್ಲಿ ನೆಲೆಗೊಂಡ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ ಆ ಕಾಲದ ಗುರುತಾಗಿ ಇಂದಿಗೂ ನಿಂತಿದೆ. ಹೀಗೆ ಚದುರಿಹೋದ ಸಮುದಾಯದಲ್ಲಿ ಕರಾವಳಿಯ ಎಷ್ಟೋ ಮನೆತನಗಳ ದಾಖಲೆಯ ದಾರಿ ಹತ್ತೊಂಬತ್ತನೆಯ ಶತಮಾನಕ್ಕೇ ನಿಲ್ಲುತ್ತದೆ. ಅಲ್ಲಿಂದ ಗೋವೆಯ ಯಾವುದೋ ದೊಡ್ಡ ಮನೆತನಕ್ಕೆ ಒಂದೇ ನೆಗೆತ ನೆಗೆಯುವ ಆಸೆ ಹಲವರಿಗೆ. ಆದರೆ ಜ್ಞಾನಸ್ನಾನ ಕೊಟ್ಟ ಗುರುವಿನ ಅಥವಾ ಜ್ಞಾನತಂದೆಯ ಪೋರ್ಚುಗೀಸ್ ಹೆಸರೇ ಮನೆತನದ ಹೆಸರಾಗಿ ಬಂದ ಉದಾಹರಣೆಗಳಿವೆ. ಆದ್ದರಿಂದ ಡಿಸೋಜ, ಪಿಂಟೊ, ಲೋಬೊ ಎಂಬ ಹೆಸರು ಒಂದೇ ಆದ ಮಾತ್ರಕ್ಕೆ ರಕ್ತಸಂಬಂಧ ಸಾಬೀತಾಗುವುದಿಲ್ಲ.

ಮೈಸೂರು, ಬೆಂಗಳೂರು ಕಡೆಯವರ ತೊಡಕು ಬೇರೆ. ಅಲ್ಲಿ ಎಷ್ಟೋ ಕುಟುಂಬಗಳಿಗೆ ಮನೆತನದ ಹೆಸರೇ ಇಲ್ಲ, ತಂದೆಯ ಹೆಸರೇ ಇನಿಷಿಯಲ್. ಮೇಲಾಗಿ ಊರಿನಲ್ಲಿ ಕರೆಯುವ ಹೆಸರು ಒಂದು, ಲತೀನ್ ಭಾಷೆಯ ಹಳೆಯ ರಿಜಿಸ್ಟರಿನಲ್ಲಿ ಇನ್ನೊಂದು. ರಾಯಪ್ಪ ಎಂದರೆ ಸಂತ ಪೇತ್ರರ ಹೆಸರು, ಚಿನ್ನಪ್ಪ ಎಂದರೆ ಸಂತ ಪೌಲರದು, ಇನ್ನಾಸಪ್ಪ ಎಂದರೆ ಇಗ್ನಾಸಿಯವರದು, ಚೌರಪ್ಪ ಎಂದರೆ ಫ್ರಾನ್ಸಿಸ್ ಝೇವಿಯರರದು. ‘ನಮ್ಮ ಮುತ್ತಜ್ಜ ಚಿನ್ನಪ್ಪನ ಹೆಸರು ಪುಸ್ತಕದಲ್ಲಿ ಇಲ್ಲವೇ ಇಲ್ಲ’ ಎನ್ನುವವರು ‘ಪೌಲುಸ್’ ಎಂಬ ಹೆಸರನ್ನೂ ಹುಡುಕಬೇಕು.

ಹುಡುಕಬೇಕಾದ ಜಾಗಗಳು

ಮನೆಯನ್ನು ಖಾಲಿ ಬಿಡುವ ಮೊದಲು ಹುಡುಕುವ ಕರ್ತವ್ಯ ನಮ್ಮದು. ಮೂರು ಜಾಗಗಳನ್ನು ಹೆಚ್ಚಿನವರು ಮರೆಯುತ್ತಾರೆ.

ಮೊದಲನೆಯದು ತಾಯಿ ದೇವಾಲಯ. ನಿಮ್ಮ ಈಗಿನ ಧರ್ಮಕೇಂದ್ರ 1920ರಲ್ಲಿ ಆರಂಭವಾಗಿದ್ದರೆ 1900ರಲ್ಲಿ ಹುಟ್ಟಿದ ಅಜ್ಜಿಯ ಜ್ಞಾನಸ್ನಾನ ಅಲ್ಲಿ ಸಿಗುವುದಿಲ್ಲ. ಅಂದು ಆ ಊರು ಯಾವ ದೇವಾಲಯದ ವಿಚಾರಣೆಗೆ ಸೇರಿತ್ತು ಎಂದು ಕೇಳಿರಿ. ಕರಾವಳಿಯಲ್ಲಿ ಗೋವೆಯ ಆಡಳಿತಕ್ಕೆ ಸೇರಿದ ದೇವಾಲಯಗಳೂ ರೋಮಿನಿಂದ ನೇಮಕವಾದವರ ಆಡಳಿತಕ್ಕೆ ಸೇರಿದ ದೇವಾಲಯಗಳೂ ಅಕ್ಕಪಕ್ಕದಲ್ಲೇ ಇದ್ದ ಕಾಲವೊಂದಿತ್ತು ಎಂಬುದೂ ನೆನಪಿರಲಿ.

ಎರಡನೆಯದು ಜ್ಞಾನಸ್ನಾನದ ದಾಖಲೆಯ ಅಂಚು. ವಿವಾಹವಾದವರ ಜ್ಞಾನಸ್ನಾನದ ದಾಖಲೆಯ ಪಕ್ಕದಲ್ಲಿ ಆ ವಿವಾಹವನ್ನು ನಮೂದಿಸಬೇಕೆಂದು 1907ರಲ್ಲಿ ಹತ್ತನೆಯ ಪಿಯುಸ್ ಜಗದ್ಗುರುಗಳ ಕಾಲದ ಶಾಸನ ವಿಧಿಸಿತು. ಅದು 1908ರ ಪಾಸ್ಕ ಹಬ್ಬದಿಂದ ಜಾರಿಗೆ ಬಂದಿತು. ಹೀಗಾಗಿ ಬೇರೆ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಗಳ ಜಾಡು ಆಕೆ ಹುಟ್ಟಿದ ಊರಿನ ಪುಸ್ತಕದ ಅಂಚಿನಲ್ಲಿ ದೊರೆಯಬಹುದು.

ಮೂರನೆಯದು ವಿವಾಹ ಪುಸ್ತಕದಲ್ಲಿರುವ ವಿನಾಯಿತಿಯ ಮಾತು. ವಧೂವರರು ರಕ್ತಸಂಬಂಧಿಗಳಾಗಿದ್ದರೆ ಧರ್ಮಾಧ್ಯಕ್ಷರಿಂದ ವಿನಾಯಿತಿ ಪಡೆದು ಅದು ಎಷ್ಟನೆಯ ಡಿಗ್ರಿಯ ಸಂಬಂಧ ಎಂದು ಬರೆಯುತ್ತಿದ್ದರು. ಇಲ್ಲಿ ಒಂದು ಎಚ್ಚರಿಕೆ. 1983ರ ನವೆಂಬರ್ 27ರಂದು ಈಗಿನ ಧರ್ಮಸಭಾ ಕಾನೂನು ಸಂಹಿತೆ ಜಾರಿಗೆ ಬರುವ ಮೊದಲು ಡಿಗ್ರಿಯನ್ನು ಎಣಿಸುವ ಕ್ರಮ ಬೇರೆಯಾಗಿತ್ತು. ಆಗ ಮೂಲಪುರುಷನಿಂದ ಒಂದು ಬದಿಯ ತಲೆಮಾರುಗಳನ್ನು ಮಾತ್ರ ಎಣಿಸುತ್ತಿದ್ದರು. ಈಗ ಎರಡೂ ಬದಿಗಳನ್ನು ಕೂಡಿಸುತ್ತಾರೆ. ಅಣ್ಣತಮ್ಮಂದಿರ ಮಕ್ಕಳು ಹಳೆಯ ಲೆಕ್ಕದಲ್ಲಿ ಎರಡನೆಯ ಡಿಗ್ರಿ, ಹೊಸ ಲೆಕ್ಕದಲ್ಲಿ ನಾಲ್ಕನೆಯ ಡಿಗ್ರಿ. ಆದ್ದರಿಂದ 1910ರ ಪುಸ್ತಕದಲ್ಲಿ ಎರಡೂ ಕಡೆಯಿಂದ ‘ಮೂರನೆಯ ಡಿಗ್ರಿ’ ಎಂದಿದ್ದರೆ ವಧೂವರರಿಬ್ಬರಿಗೂ ಒಬ್ಬ ಮುತ್ತಜ್ಜ ಅಥವಾ ಮುತ್ತಜ್ಜಿ ಒಂದೇ ಎಂದರ್ಥ. ಹೆಸರು ತಿಳಿಯದಿದ್ದರೂ ಆ ವ್ಯಕ್ತಿ ಇದ್ದದ್ದು ನಿಶ್ಚಯ.

ವಂಶವೃಕ್ಷ ಬರೀ ಹವ್ಯಾಸವಲ್ಲ ಎನ್ನಲು ಇದೇ ಸಾಕ್ಷಿ. ಇಂದಿಗೂ ಹಳೆಯ ಲೆಕ್ಕದ ಎರಡನೆಯ ಡಿಗ್ರಿಯವರೆಗಿನ, ಎಂದರೆ ಈಗಿನ ನಾಲ್ಕನೆಯ ಡಿಗ್ರಿಯವರೆಗಿನ, ರಕ್ತಸಂಬಂಧ ವಿವಾಹಕ್ಕೆ ಅಡ್ಡಿ. ವಿಚಾರಣಾ ಗುರುಗಳು ಸಂಬಂಧ ವಿಚಾರಿಸಿದಾಗ ಊಹೆಯಿಂದ ತುಂಬಿಸಿದ ವೃಕ್ಷವನ್ನು ಮುಂದಿಟ್ಟರೆ ಇಲ್ಲದ ಅಡ್ಡಿ ಕಾಣಬಹುದು, ಇರುವ ಅಡ್ಡಿ ಮರೆಯಾಗಬಹುದು.

ತಂತ್ರಾಂಶದಲ್ಲಿ ಬರೆಯುವ ಕ್ರಮ

ನೀವು ಬಳಸುವ ತಂತ್ರಾಂಶ ಯಾವುದೇ ಇರಲಿ, ಮುಖ್ಯ ನಿಯಮಗಳು ಹೆಚ್ಚುಕಡಿಮೆ ಒಂದೇ. ಹಣ ಕೊಡದೆ ಸಿಗುವ ಗ್ರ್ಯಾಂಪ್ಸ್ ಎಂಬ ತಂತ್ರಾಂಶದಲ್ಲಿಯೂ ಈ ಕೆಳಗಿನ ಸೌಕರ್ಯಗಳಿವೆ.

1. ಹೆಸರು ತಿಳಿಯದಿದ್ದರೆ ಹೆಸರಿನ ಕಾಲಂ ಖಾಲಿ ಇರಲಿ. ಅಲ್ಲಿ ‘ಗೊತ್ತಿಲ್ಲ’ ಎಂದೋ ‘ಅಜ್ಜಿ’ ಎಂದೋ ಬರೆದರೆ ಕಂಪ್ಯೂಟರ್ ಅದನ್ನೇ ಹೆಸರೆಂದು ತಿಳಿಯುತ್ತದೆ. ಅಕ್ಷರ ಕ್ರಮದ ಪಟ್ಟಿಯಲ್ಲಿ ‘ಗೊತ್ತಿಲ್ಲ’ ಎಂಬ ದೊಡ್ಡ ಮನೆತನವೇ ಹುಟ್ಟಿಕೊಳ್ಳುತ್ತದೆ! ಹೆಸರು ಬಿಟ್ಟು ಬೇರೇನಾದರೂ ತಿಳಿದಿದ್ದರೆ ಅದನ್ನು ಟಿಪ್ಪಣಿಯಲ್ಲಿ ಬರೆಯಿರಿ: ‘ಕಾರ್ಕಳ ಕಡೆಯವರು, ಎರಡನೆಯ ಹೆರಿಗೆಯಲ್ಲಿ ತೀರಿಕೊಂಡರು.’

2. ಹೆಣ್ಣುಮಕ್ಕಳನ್ನು ತವರಿನ ಹೆಸರಿನಲ್ಲಿ ಬರೆಯುವುದು ಪದ್ಧತಿ. ತವರಿನ ಮನೆತನ ತಿಳಿಯದಿದ್ದರೆ ಆ ಜಾಗಕ್ಕೆ ಗಂಡನ ಮನೆತನವನ್ನು ಹಾಕಬೇಡಿರಿ. ಹಾಕಿದರೆ ಆಕೆ ಗಂಡನ ಮನೆತನದಲ್ಲೇ ಹುಟ್ಟಿದವಳೆಂದು ಮುಂದಿನವರು ತಿಳಿದು ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಹಾಗೆಯೇ ಮನೆತನದ ಹೆಸರೇ ಇಲ್ಲದವರಿಗೆ ತಂದೆಯ ಹೆಸರನ್ನು ಮನೆತನವೆಂದು ಬರೆಯಬೇಡಿರಿ.

3. ನಡುವಿನ ತಲೆಮಾರು ಕಾಣೆಯಾಗಿದ್ದರೆ ಜಿಗಿಯಬೇಡಿರಿ. ಒಬ್ಬರು ಇನ್ನೊಬ್ಬರ ಮೊಮ್ಮಗ ಎಂದು ನಿಶ್ಚಯವಾಗಿ ತಿಳಿದಿದ್ದು ನಡುವಿನವರ ಹೆಸರು ಮಾತ್ರ ಗೊತ್ತಿಲ್ಲದಿದ್ದರೆ, ಹೆಸರಿಲ್ಲದ ಒಬ್ಬ ವ್ಯಕ್ತಿಯನ್ನು ನಡುವೆ ಇಟ್ಟು ಜೋಡಿಸಿರಿ. ಆದರೆ ನಡುವೆ ಒಂದು ತಲೆಮಾರೋ ಎರಡೋ ಎಂಬುದೇ ಸಂಶಯವಾಗಿದ್ದರೆ ತಂದೆಮಗನ ಗೆರೆ ಎಳೆಯಲೇಬೇಡಿರಿ. ಇಬ್ಬರನ್ನೂ ಬೇರೆ ಬೇರೆ ಬರೆದು, ‘ಇವರು ಆ ಮನೆಯವರೆಂದು ಹಿರಿಯರ ಮಾತು’ ಎಂಬ ಟಿಪ್ಪಣಿಯನ್ನು ಇಬ್ಬರ ಬಳಿಯೂ ಇಡಿರಿ.

4. ದಿನಾಂಕಕ್ಕೆ ‘ಸುಮಾರು’, ‘ಮೊದಲು’, ‘ನಂತರ’, ‘ಇಂಥ ಎರಡು ವರ್ಷಗಳ ನಡುವೆ’ ಎಂಬ ಮಾತುಗಳನ್ನು ತಂತ್ರಾಂಶ ಒಪ್ಪುತ್ತದೆ. ಅವನ್ನು ಧಾರಾಳವಾಗಿ ಬಳಸಿರಿ. ಜ್ಞಾನಸ್ನಾನದ ದಿನವನ್ನು ಜ್ಞಾನಸ್ನಾನದ ಕಾಲಮ್ಮಿನಲ್ಲೇ ಬರೆಯಿರಿ. ಹುಟ್ಟಿದ ದಿನ ಪ್ರತ್ಯೇಕವಾಗಿ ತಿಳಿಯದಿದ್ದರೆ ‘ಅದಕ್ಕೆ ಮೊದಲು’ ಎಂದರೆ ಸಾಕು. ಒಂದು ಉದಾಹರಣೆ ನೋಡೋಣ. ಒಬ್ಬ ತಾಯಿಯ ಮೊದಲ ಮಗುವಿಗೆ ಜ್ಞಾನಸ್ನಾನ 1894ರಲ್ಲಿ, ಕೊನೆಯ ಮಗುವಿಗೆ 1915ರಲ್ಲಿ ಆಯಿತೆಂದುಕೊಳ್ಳಿರಿ. ಮೊದಲ ಹೆರಿಗೆಗೆ ಕನಿಷ್ಠ ಹದಿನಾಲ್ಕು ವರ್ಷ, ಕೊನೆಯದಕ್ಕೆ ಹೆಚ್ಚೆಂದರೆ ಐವತ್ತು ವರ್ಷ ಎಂದು ಹಿಡಿದರೆ ಆಕೆ 1865 ಮತ್ತು 1880ರ ನಡುವೆ ಹುಟ್ಟಿರಬೇಕು. ‘ನಡುವೆ’ ಎಂದೇ ಬರೆದು, ಇದು ಅಂದಾಜು ಎಂದು ಗುರುತು ಹಾಕಿ, ಲೆಕ್ಕವನ್ನು ಟಿಪ್ಪಣಿಯಲ್ಲಿ ವಿವರಿಸಿರಿ. ಮರಣ ಪುಸ್ತಕದಲ್ಲಿ ಬರೆದ ವಯಸ್ಸನ್ನೂ ಎಚ್ಚರದಿಂದ ನೋಡಿರಿ. ಅರವತ್ತು, ಎಪ್ಪತ್ತು, ಎಂಬತ್ತು ಎಂದು ದುಂಡಗೆ ಇದ್ದರೆ ಅದು ಮನೆಯವರು ಬಾಯಿಗೆ ಬಂದಂತೆ ಹೇಳಿದ ಲೆಕ್ಕವಾಗಿರಬಹುದು.

5. ಪ್ರತಿ ವಿಷಯಕ್ಕೂ ಆಧಾರ ಬರೆಯಿರಿ. ಯಾವ ದೇವಾಲಯದ ಯಾವ ಪುಸ್ತಕ, ಯಾವ ವರ್ಷ, ಎಷ್ಟನೆಯ ಪುಟ. ಅಜ್ಜಿಯ ಮಾತೂ ಆಧಾರವೇ: ಯಾರು ಹೇಳಿದರು, ಯಾವಾಗ ಹೇಳಿದರು, ಅವರು ಕಣ್ಣಾರೆ ಕಂಡದ್ದೋ ಕೇಳಿದ್ದೋ ಎಂದು ಬರೆದರಾಯಿತು. ಆಧಾರ ಎಷ್ಟು ಗಟ್ಟಿ ಎಂದು ಸೂಚಿಸುವ ಮಟ್ಟಗಳೂ ಹಲವು ತಂತ್ರಾಂಶಗಳಲ್ಲಿವೆ. ನಂಬಿಕೆ ಕಡಿಮೆ ಇದ್ದರೆ ಕಡಿಮೆ ಎಂದೇ ಗುರುತಿಸಿರಿ.

6. ಎರಡು ದಾಖಲೆ ಎರಡು ರೀತಿ ಹೇಳಿದರೆ ಎರಡನ್ನೂ ಉಳಿಸಿರಿ. ಶಾಲೆಯ ಸರ್ಟಿಫಿಕೇಟಿನಲ್ಲಿ ಹುಟ್ಟಿದ ದಿನ ಜೂನ್ 1, ಜ್ಞಾನಸ್ನಾನದ ಪುಸ್ತಕದಲ್ಲಿ ನವೆಂಬರ್ ಎಂದಿರುವುದು ನಮ್ಮಲ್ಲಿ ಹೊಸತಲ್ಲ. ಹೆಚ್ಚು ನಂಬತಕ್ಕದ್ದನ್ನು ಮೊದಲು ಇಟ್ಟು, ಇನ್ನೊಂದನ್ನು ಅದರ ಕೆಳಗೆ ಬರೆಯಿರಿ. ಮಗುವಿನ ಜನನದ ಹತ್ತಿರದ ದಿನಗಳಲ್ಲಿ ಬರೆದ ದಾಖಲೆಗೆ ಸಾಮಾನ್ಯವಾಗಿ ತೂಕ ಹೆಚ್ಚು.

7. ಹೆಸರು ಒಂದೇ ಎಂದು ಇಬ್ಬರನ್ನು ಒಬ್ಬರನ್ನಾಗಿ ಮಾಡಬೇಡಿರಿ. ಅಜ್ಜನ ಹೆಸರನ್ನು ಹಿರಿಯ ಮೊಮ್ಮಗನಿಗೆ ಇಡುವುದು ಹಲವು ಮನೆಗಳ ರೂಢಿ. ಒಂದು ಮಗು ತೀರಿಕೊಂಡರೆ ಅದೇ ಹೆಸರನ್ನು ಮುಂದಿನ ಮಗುವಿಗೆ ಇಟ್ಟದ್ದೂ ಉಂಟು. ತಂತ್ರಾಂಶ ‘ಇವರಿಬ್ಬರೂ ಒಬ್ಬರೇ ಇರಬಹುದು’ ಎಂದು ಸೂಚಿಸಿದರೆ ಅದು ಯಂತ್ರದ ಊಹೆ ಮಾತ್ರ. ತಾಯಿಯ ಹೆಸರು, ಊರು, ಜ್ಞಾನತಂದೆಯ ಹೆಸರು ಹೊಂದುತ್ತವೆಯೇ ಎಂದು ನೋಡಿಯೇ ಒಪ್ಪಿರಿ.

8. ಜ್ಞಾನತಂದೆ, ಜ್ಞಾನತಾಯಿಯರನ್ನು ಬಿಡಬೇಡಿರಿ. ಅನೇಕ ಸಲ ಅವರು ಸೋದರಮಾವನೋ ಚಿಕ್ಕಮ್ಮನೋ ಆಗಿರುತ್ತಾರೆ. ತಾಯಿಯ ತವರು ತಿಳಿಯದಿದ್ದಾಗ ಆಕೆಯ ಮಕ್ಕಳೆಲ್ಲರ ಜ್ಞಾನತಂದೆತಾಯಿಯರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಿರಿ. ಒಂದೇ ಮನೆತನ ಮತ್ತೆ ಮತ್ತೆ ಬಂದರೆ ಅದೊಂದು ಸುಳಿವು. ಸುಳಿವು ಮಾತ್ರ, ಸಾಕ್ಷಿಯಲ್ಲ.

9. ಹುಡುಕಿ ಸಿಗದ್ದನ್ನೂ ಬರೆಯಿರಿ. ‘ಇಂಥ ದೇವಾಲಯದ 1860ರಿಂದ 1875ರ ಜ್ಞಾನಸ್ನಾನ ಪುಸ್ತಕ ನೋಡಿದ್ದಾಯಿತು, ಹೆಸರಿಲ್ಲ; 1868ರ ಪುಟಗಳನ್ನು ಗೆದ್ದಲು ತಿಂದಿದೆ’ ಎಂಬ ಒಂದು ಸಾಲು ನಿಮ್ಮ ಮಗಳಿಗೆ ಎರಡು ದಿನದ ಕೆಲಸ ಉಳಿಸುತ್ತದೆ. ‘ಇಲ್ಲ’ ಎನ್ನುವುದಕ್ಕೂ ‘ನೋಡಿಲ್ಲ’ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.

10. ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಅಕ್ಷರಗಳಲ್ಲೇ ಬರೆಯಿರಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದು ಬೇರೆ ಕಂಪ್ಯೂಟರಿಗೆ ಹೋದಾಗ ಅರ್ಥವಿಲ್ಲದ ಗುರುತುಗಳಾಗುತ್ತದೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ವಂಶವೃಕ್ಷವನ್ನು ಸಾಗಿಸಲು ಜೆಡ್‌ಕಾಮ್ ಎಂಬ ಕಡತ ಬಳಕೆಯಲ್ಲಿದೆ. ಅದನ್ನು ಉಳಿಸುವಾಗ ಯುಟಿಎಫ್-8 ಎಂಬ ಆಯ್ಕೆಯನ್ನು ಆರಿಸಿರಿ. ಇಲ್ಲದಿದ್ದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನೆಚಿಹ್ನೆಗಳಾಗಿಬಿಟ್ಟಾವು. 2021ರಲ್ಲಿ ಬಂದ ಜೆಡ್‌ಕಾಮ್ 7.0ರಲ್ಲಿ ಯುಟಿಎಫ್-8 ಕಡ್ಡಾಯ.

ಪ್ರೀತಿಯಿಂದ ಬಿಡಬೇಕಾದ ಮನೆಗಳು

ಇನ್ನು ಮನಸ್ಸಿಗೆ ತಟ್ಟುವ ಮಾತು. ಕೆಲವು ಮನೆಗಳು ದಾಖಲೆ ನಾಶವಾದ್ದರಿಂದ ಖಾಲಿಯಲ್ಲ. ಯಾರೋ ಬೇಕೆಂದೇ ಬರೆಯದೆ ಬಿಟ್ಟಿದ್ದಾರೆ. ಜ್ಞಾನಸ್ನಾನದ ದಾಖಲೆಯಲ್ಲಿ ತಾಯಿಯ ಹೆಸರಿದೆ, ತಂದೆಯ ಹೆಸರಿಲ್ಲ. ಅವಿವಾಹಿತ ತಾಯಿಯ ಮಗುವಿನ ದಾಖಲೆಯನ್ನು ಹೇಗೆ ಬರೆಯಬೇಕೆಂದು ಈಗಿನ ಸಂಹಿತೆಯ 877ನೆಯ ವಿಧಿ ಹೇಳುತ್ತದೆ: ತಂದೆ ಯಾರೆಂಬುದು ಅಧಿಕೃತ ಪತ್ರದಿಂದಲೋ ಆತನೇ ವಿಚಾರಣಾ ಗುರು ಹಾಗೂ ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಕೊಂಡದ್ದರಿಂದಲೋ ಸಾಬೀತಾಗಿದ್ದರೆ ಮಾತ್ರ ಹೆಸರು ಬರೆಯಬೇಕು. ಊರಿನವರ ಪಿಸುಮಾತಿಗೆ ಅಲ್ಲಿ ಜಾಗವಿಲ್ಲ. ಧರ್ಮಸಭೆ ಬರೆಯದ ಹೆಸರನ್ನು ನಾವು ಗಾಳಿಮಾತು ನಂಬಿ ಬರೆಯಬಹುದೇ?

ಆ ಮಗುವಿನ ಮನೆಯನ್ನೇ ಅಳಿಸಿಬಿಡುವುದು ಇನ್ನೂ ದೊಡ್ಡ ಅನ್ಯಾಯ. ‘ಇದು ನಮ್ಮ ಮನೆತನಕ್ಕೆ ಶೋಭೆಯಲ್ಲ’ ಎಂದು ಅತ್ತೆಯೊಬ್ಬಳನ್ನೂ ಅವಳ ಮಗುವನ್ನೂ ವೃಕ್ಷದಿಂದ ಕಿತ್ತುಹಾಕುವವರಿದ್ದಾರೆ. ತಂದೆಯ ಮನೆ ಖಾಲಿ ಇದ್ದರೂ ತಂತ್ರಾಂಶದಲ್ಲಿ ಕುಟುಂಬ ನಿಲ್ಲುತ್ತದೆ. ತಾಯಿ ಮತ್ತು ಮಗುವನ್ನು ಜೋಡಿಸಿದರೆ ಸಾಕು. ಯೇಸುಸ್ವಾಮಿಯ ವಂಶಾವಳಿಯಲ್ಲಿ ತಾಮಾರಳ ಹೆಸರೂ ರಾಹಾಬಳ ಹೆಸರೂ ಇವೆ ಎಂಬುದನ್ನು ಮರೆಯದಿರೋಣ. ದತ್ತು ಮಕ್ಕಳನ್ನು ದತ್ತು ಎಂದು ಸೂಚಿಸುವ ಸೌಕರ್ಯವಿದೆ. ಹೆಸರಿಡುವ ಮೊದಲೇ ತೀರಿಹೋದ ಶಿಶುವಿಗೂ ಒಂದು ಮನೆ ಕೊಡಿರಿ. ಹೆಸರಿಲ್ಲದಿದ್ದರೂ ಅದು ಆ ತಾಯಿಯ ಮಗು.

ಬದುಕಿರುವವರ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಅವರ ಹುಟ್ಟಿದ ದಿನ, ವಿಳಾಸ, ದತ್ತು ಮತ್ತು ವಿವಾಹದ ಸಂಗತಿಗಳನ್ನು ಅವರನ್ನು ಕೇಳದೆ ಯಾರಿಗೂ ಹಂಚಬೇಡಿರಿ. ‘ಖಾಸಗಿ’ ಎಂದು ಗುರುತು ಹಾಕಿದರೆ ಕಡತ ಕಳುಹಿಸುವಾಗ ಆ ವಿವರ ಹೊರಹೋಗದಂತೆ ತಡೆಯಬಹುದು. ದತ್ತು ಬಂದದ್ದು ತನಗೇ ತಿಳಿಯದ ಒಬ್ಬರಿಗೆ ದಾಯಾದಿಯ ವಂಶವೃಕ್ಷದಿಂದ ಅದು ತಿಳಿಯುವಂತಾಗಬಾರದು.

ದೇವಾಲಯದ ಪುಸ್ತಕಗಳಿಗೂ ಮರ್ಯಾದೆ ಇದೆ. ಹಳೆಯ ರಿಜಿಸ್ಟರುಗಳನ್ನು ಜೋಪಾನವಾಗಿ ಕಾಪಾಡಬೇಕೆಂದು 535ನೆಯ ವಿಧಿ ಹೇಳುತ್ತದೆ. ವಿಚಾರಣಾ ಗುರುಗಳ ಅನುಮತಿ ಪಡೆದು, ಅವರಿಗೆ ಬಿಡುವಿದ್ದ ದಿನ ಹೋಗಿರಿ. ಜಪಮಾಲೆಯ ತಿಂಗಳ ಗಡಿಬಿಡಿಯಲ್ಲೋ ಹಬ್ಬದ ಮುನ್ನಾದಿನವೋ ಬೇಡ. ವರ್ಷ ಮತ್ತು ಹೆಸರುಗಳನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಹೋದರೆ ಅವರಿಗೂ ಅನುಕೂಲ. ಕೇಳದೆ ಮೊಬೈಲಿನಲ್ಲಿ ಪುಟದ ಚಿತ್ರ ತೆಗೆಯಬೇಡಿರಿ. ಅದೇ ಪುಟದಲ್ಲಿ ಬೇರೆ ಮನೆಯವರ ಸಂಗತಿಗಳೂ ಇರುತ್ತವೆ. ಅಮೆರಿಕದ ಯೂಟಾದಲ್ಲಿರುವ ಮಾರ್ಮನ್ ಪಂಥದ ವಂಶಾವಳಿ ಸಂಸ್ಥೆಗೆ ಧರ್ಮಕೇಂದ್ರಗಳ ರಿಜಿಸ್ಟರುಗಳನ್ನು ಚಿತ್ರೀಕರಿಸಲು ಕೊಡಬಾರದೆಂದು 2008ರಲ್ಲಿ ವ್ಯಾಟಿಕನ್ ಧರ್ಮಾಧ್ಯಕ್ಷರಿಗೆ ತಿಳಿಸಿತ್ತು. ಮೃತರ ಹೆಸರಿನಲ್ಲಿ ಆ ಪಂಥದವರು ನಡೆಸುವ ಸ್ನಾನವಿಧಿಗೆ ಆ ಹೆಸರುಗಳು ಬಳಕೆಯಾಗಬಾರದೆಂಬುದು ಅದರ ಉದ್ದೇಶ. ಆದ್ದರಿಂದ ನೋಡಲು ಸಿಕ್ಕಿದ್ದನ್ನೆಲ್ಲ ಹೊರಗೆ ಹಾಕುವ ಹಕ್ಕು ನಮಗಿಲ್ಲ.

ಎಲ್ಲಿಂದ ಆರಂಭಿಸಬೇಕು?

ಮನೆಯ ಅತಿ ಹಿರಿಯರಿಂದ. ರಿಜಿಸ್ಟರ್ ಇನ್ನೂ ಹತ್ತು ವರ್ಷ ಕಪಾಟಿನಲ್ಲಿ ಕಾದೀತು. ಎಂಬತ್ತೈದು ವರ್ಷದ ದೊಡ್ಡಮ್ಮ ಕಾಯಲಾರರು. ಈ ಭಾನುವಾರ ಪೂಜೆ ಮುಗಿಸಿ ಅವರ ಮನೆಗೆ ಹೋಗಿರಿ. ‘ವಂಶವೃಕ್ಷ ಬರೆಯಬೇಕು, ಹೆಸರು ಹೇಳಿ’ ಎಂದರೆ ಅವರಿಗೆ ಹೊಳೆಯದು. ‘ನಿಮ್ಮ ಮದುವೆಗೆ ಯಾರೆಲ್ಲ ಬಂದಿದ್ದರು?’, ‘ನಿಮ್ಮ ತಾಯಿ ಹಬ್ಬಕ್ಕೆ ಯಾವ ಊರಿಗೆ ಹೋಗುತ್ತಿದ್ದರು?’, ‘ನಿಮ್ಮ ಜ್ಞಾನತಾಯಿ ಯಾರು?’ ಎಂದು ಕೇಳಿರಿ. ಹೆಸರುಗಳು ತಾವಾಗಿ ಬರುತ್ತವೆ. ಅವರು ಹೇಳಿದಂತೆಯೇ ಬರೆದುಕೊಳ್ಳಿರಿ. ತಿದ್ದುವ ಕೆಲಸ ಆಮೇಲೆ.

ಆ ಬಳಿಕವೂ ಕೆಲವು ಮನೆಗಳು ಖಾಲಿ ಉಳಿಯುತ್ತವೆ. ಉಳಿಯಲಿ. ಆ ಜಾಗದಲ್ಲಿ ಒಬ್ಬ ತಾಯಿ ಇದ್ದಳು, ಒಬ್ಬ ತಂದೆ ಇದ್ದನು, ಅವರಿಲ್ಲದಿದ್ದರೆ ನಾವಿಲ್ಲ. ಅಷ್ಟನ್ನು ಆ ಖಾಲಿ ಮನೆ ಹೇಳುತ್ತದೆ. ಅವರ ಹೆಸರನ್ನು ಬಲ್ಲ ದೇವರು ಅವರಿಗೆ ನಿತ್ಯವಿಶ್ರಾಂತಿ ದಯಪಾಲಿಸಲಿ.

ಮನೆಮಂದಿಯೊಡನೆ ಚರ್ಚಿಸಲು:

1. ನಮ್ಮ ಕುಟುಂಬದಲ್ಲಿ ಯಾರ ಹೆಸರನ್ನು ಹೇಳಲು ನಾವು ಹಿಂಜರಿಯುತ್ತೇವೆ? ಏಕೆ?

2. ನಾವು ಸತ್ಯವೆಂದು ನಂಬಿರುವ ಮನೆತನದ ಕಥೆಗಳಲ್ಲಿ ಯಾವುದಕ್ಕೆ ಆಧಾರವಿದೆ, ಯಾವುದು ಕೇಳಿದ ಮಾತು?

3. ನಮ್ಮ ಅಜ್ಜಿಯರ ತವರು ಯಾವುದು? ಆ ಊರಿನ ಅಂದಿನ ದೇವಾಲಯ ಯಾವುದು?